ನಕ್ಕವರು ಯಾರ ಮಕ್ಕಳು?

ಈ ಸಲ ಮಳೆಗಾಲ ಹಿಡಿದು, ಶಾಲೆಗಳು ತೆರೆದು ಮೂರು ವಾರಗಳಾಗಿದ್ದುವು. ಫಳ್ನೀರಿನಲ್ಲಿ ನಮ್ಮ ನೆರೆಮನೆಗೆ ಹೊಸತಾಗಿ ಬಂದ ಗೃಹಿಣಿಯೊಬ್ಬರು ಒಂದು ಬೆಳಿಗ್ಗೆ ಬಂದು ನಮ್ಮ ಜಗಲಿಯಲ್ಲಿ ಕುಳಿತರು. ಅವರ ಪತಿಗೆ ಬ್ಯಾಂಕಿನಲ್ಲಿ ಉದ್ಯೋಗ. ಗದಗದ ಕಡೆಯಿಂದ ವರ್ಗವಾಗಿ ಬಂದ ಸಂಸಾರ. ಒಬ್ಬನೇ ಮಗ, ಏಳನೆಯ ತರಗತಿಯವನು. ಅವನ ವಿಷಯವಾಗಿಯೇ ಅವರಿಗೆ ಚಿಂತೆ ಹತ್ತಿತ್ತು.

“ಮುಂಜಾನೆ ಎದ್ದ ಕೂಡಲೇ ಹೊಟ್ಟಿ ನೋಯ್ತದ ಅಂತಾನ್ರಿ. ಡಾಕ್ಟರಿಗೆ ತೋರಿಸಿದ್ವಿ, ಏನೂ ಇಲ್ಲ ಅಂದ್ರು. ಆಯ್ತಾರ ಮಾತ್ರ ಅವನ ಹೊಟ್ಟಿ ನೋಯೂದಿಲ್ಲ ನೋಡ್ರಿ.”

ಭಾನುವಾರದಂದು ನೋಯದ ಹೊಟ್ಟೆಯ ಮರ್ಮವು ಎಷ್ಟೋ ತಾಯಂದಿರಿಗೆ ಗೊತ್ತಿರತಕ್ಕದ್ದೇ. ಪಾಠ ಒಪ್ಪಿಸಲಾರದ ಹೆದರಿಕೆಯಾಗಿರಬಹುದೆಂದು ನಾವು ಮೊದಲು ಎಣಿಸಿದೆವು. ಆದರೆ ಹುಡುಗನು ಓದಿನಲ್ಲಿ ಹಿಂದಿರಲಿಲ್ಲ. ಬುತ್ತಿಯ ಡಬ್ಬಿ ಮಾತ್ರ ದಿನವೂ ತುಂಬಿದಂತೆಯೇ ಮನೆಗೆ ಮರಳುತ್ತಿತ್ತು. ನಾಲ್ಕು ದಿನಗಳ ಬಳಿಕ ಉಳಿದ ಕತೆಯನ್ನು ನಾವು ನಮ್ಮ ಜಗಲಿಯಿಂದಲೇ ಕಂಡೆವು. ಮಕ್ಕಳನ್ನು ಶಾಲೆಗೆ ಒಯ್ಯುವ ರಿಕ್ಷಾ ಬಂದು ನಿಂತಿತು. ಹುಡುಗನು ಮೆಟ್ಟಲಿಗೆ ಕಾಲಿಡುವಷ್ಟರಲ್ಲಿ ಒಳಗಿನಿಂದ ಒಬ್ಬನು, “ಹೌದ್ರೀ ಬಂದ್ರು! ರಟ್ಟು ತಂದ್ರಿ?” ಎಂದು ರಾಗವಾಗಿ ಕೂಗಿದನು. ಒಳಗಿದ್ದ ಮಕ್ಕಳೆಲ್ಲ ನಕ್ಕರು. ರಿಕ್ಷಾದವನೂ ನಕ್ಕನು. ಆ ‘ರಟ್ಟು’ ಎಂದರೆ ಜೋಳದ ರೊಟ್ಟಿಯೆಂಬುದು ನಮಗೆ ಆಮೇಲೆ ತಿಳಿಯಿತು. ಒಳಬದಿಯ ಮೂಲೆಯಲ್ಲಿ ಚೀಲವನ್ನು ಮಡಿಲಲ್ಲಿರಿಸಿ ಕುಳಿತಿದ್ದ ಹುಡುಗಿಯೊಬ್ಬಳು ಮಾತ್ರ ನಗಲಿಲ್ಲ. ಅವಳು ಬೀದಿಯ ಕಡೆ ಮುಖಮಾಡಿ ಕುಳಿತಿದ್ದಳು.

ಇದೊಂದು ದೊಡ್ಡ ಸಂಗತಿಯೇ ಎಂದು ವಾಚಕರಲ್ಲಿ ಕೆಲವರು ಕೇಳಬಹುದು. ಹುಡುಗನ ತಂದೆಯೂ ಹಾಗೆಯೇ ಕೇಳಿದರು. “ನಾವೂ ಸಾಲಿಗೆ ಹೋದವರ ಅಲ್ಲೇನ್ರಿ? ಎರಡು ಏಟು ಕೊಟ್ಟು ಬಾ ಅಂದೀನಿ,” ಎಂದರು. ತಾವು ಉಂಡ ಕಹಿಯನ್ನು ಮಕ್ಕಳೂ ಉಣ್ಣಲಿ ಎಂಬುದು ಹಿರಿಯರ ಹಳೆಯ ನ್ಯಾಯ. ಆದರೆ ಆರು ಮಂದಿಯ ಎದುರು ಒಬ್ಬನು ಎರಡು ಏಟು ಕೊಟ್ಟರೆ ಎಷ್ಟು ಏಟು ತಿಂದಾನೆಂಬ ಲೆಕ್ಕವನ್ನು ಬ್ಯಾಂಕಿನಲ್ಲಿ ಲೆಕ್ಕ ಬರೆಯುವ ಆ ಮಹನೀಯರು ಹಾಕಿರಲಿಲ್ಲ.

ನಮ್ಮ ಭಾಷೆಯಲ್ಲಿ ಈ ಬಗೆಯ ಕೆಲಸಗಳಿಗೆ ಮಾತುಗಳು ಕಡಮೆಯಿಲ್ಲ. ಕೀಟಲೆ, ಗೇಲಿ, ಲೇವಡಿ, ಅಣಕ, ಮೂದಲಿಕೆ, ಹಂಗಿಸುವುದು, ಛೇಡಿಸುವುದು, ಒಂದೇ ಎರಡೇ! ತುಳುವಿನವರು ಇವೆಲ್ಲವನ್ನೂ ‘ಕುಸಾಲ್’ ಎಂಬ ಒಂದೇ ಮಾತಿನಲ್ಲಿ ಹಗುರವಾಗಿಸಿಬಿಡುತ್ತಾರೆ. ಆದರೆ ಈ ಮಾತುಗಳೆಲ್ಲ ಒಂದು ಸಲ ನಡೆದು ಮುಗಿಯತಕ್ಕ ಕೆಲಸಗಳಿಗೆ ಸಲ್ಲುವವು. ಒಬ್ಬನನ್ನೇ ಗುರಿಮಾಡಿ, ದಿನವೂ, ಅದೇ ಹೊತ್ತಿಗೆ, ಅದೇ ಮಾತಿನಿಂದ, ಎದುರಾಡಲು ಅವನಿಗೆ ಬಲವಿಲ್ಲವೆಂಬುದನ್ನು ತಿಳಿದೇ ನಡೆಸುವ ಕೆಲಸವು ಬೇರೆ. ಇದನ್ನು ನಾವು ಪೀಡನೆಯೆಂದೇ ಕರೆಯುವೆವು. ಗೆಳೆಯರಿಬ್ಬರು ಒಬ್ಬರನ್ನೊಬ್ಬರು ಛೇಡಿಸುವಾಗ ಇಂದು ಇವನು ಗೆದ್ದರೆ ನಾಳೆ ಅವನು ಗೆಲ್ಲುತ್ತಾನೆ. ಪೀಡನೆಯಲ್ಲಿ ಸೋಲುವವನು ಯಾವಾಗಲೂ ಒಬ್ಬನೇ.

ಈ ಭೇದವನ್ನು ಶಾಸ್ತ್ರೀಯವಾಗಿ ಎತ್ತಿಹೇಳಿದವರು ಸ್ವೀಡನ್ನಿನಲ್ಲಿ ಹುಟ್ಟಿ ನಾರ್ವೆಯಲ್ಲಿ ನೆಲಸಿದ ಡಾನ್ ಓಲ್ವೆಯುಸ್ ಎಂಬ ಮನಶ್ಶಾಸ್ತ್ರಜ್ಞರು. ನೋಯಿಸುವ ಉದ್ದೇಶ, ಮತ್ತೆ ಮತ್ತೆ ನಡೆಯುವಿಕೆ, ಬಲದ ಅಸಮತೆ, ಈ ಮೂರನ್ನು ಅವರು ಲಕ್ಷಣಗಳಾಗಿ ಹೇಳಿದರು. 1970ರ ದಶಕದಲ್ಲಿಯೇ ಅವರು ಬರೆಯತೊಡಗಿದ್ದರೂ ಕೇಳಿದವರು ಕಡಮೆ. 1982ರಲ್ಲಿ ನಾರ್ವೆಯ ಉತ್ತರ ಭಾಗದಲ್ಲಿ ಮೂವರು ಬಾಲಕರು ಸಹಪಾಠಿಗಳ ಪೀಡನೆಯನ್ನು ತಾಳಲಾರದೆ ಪ್ರಾಣ ಕಳೆದುಕೊಂಡ ಮೇಲೆ ಆ ದೇಶದ ಸರಕಾರವು ಎಚ್ಚತ್ತು, 1983ರಲ್ಲಿ ದೇಶವಿಡೀ ಶಾಲೆಗಳಲ್ಲಿ ಪ್ರಯತ್ನವನ್ನು ಆರಂಭಿಸಿತು. ಬೆರ್ಗೆನ್ ಪಟ್ಟಣದ 42 ಶಾಲೆಗಳ ಸುಮಾರು 2,500 ಮಕ್ಕಳನ್ನು ಓಲ್ವೆಯುಸರು ಎರಡು ವರ್ಷಗಳ ಕಾಲ ಪರೀಕ್ಷಿಸುತ್ತ ಬಂದಾಗ ಪೀಡನೆಯು ಅರ್ಧದಷ್ಟು ಇಳಿದುದು ಕಂಡುಬಂದಿತು. ಮಕ್ಕಳಾಟ, ಇದ್ದೇ ಇರುವುದು ಎಂದು ಕೈಚೆಲ್ಲುವವರಿಗೆ ಇಷ್ಟು ಸಾಕು. ನಡೆಯುವುದು ಎಲ್ಲ ಕಡೆಯೂ ನಡೆಯುತ್ತದೆಂಬುದು ನಿಜ. ಹಿಂದಿನ ಒಂದು ತಿಂಗಳಲ್ಲಿ ಒಮ್ಮೆಯಾದರೂ ಪೀಡನೆಗೆ ಒಳಗಾದ ವಿದ್ಯಾರ್ಥಿಗಳು ಲೋಕದಲ್ಲಿ ನೂರಕ್ಕೆ 32 ಮಂದಿಯೆಂದು ಯುನೆಸ್ಕೋ ಸಂಸ್ಥೆಯು 2019ರಲ್ಲಿ ತಿಳಿಸಿತು. ಆದರೆ ಎಲ್ಲ ಕಡೆಯೂ ನಡೆಯುವುದರಿಂದಲೇ ಅದು ತಡೆಯಬಾರದ್ದೆಂದು ಆಗುವುದಿಲ್ಲ. ಮಲೇರಿಯಾವೂ ನಮ್ಮ ಮಂಗಳೂರಿನಲ್ಲಿ ಎಲ್ಲ ಕಡೆ ಇದ್ದುದೇ.

ಇನ್ನು, ನಮ್ಮ ಮನಸ್ಸನ್ನು ಹೆಚ್ಚಾಗಿ ಕಾಡಿದ್ದು ಆ ರಿಕ್ಷಾದಲ್ಲಿ ಕೂಗಿದ ಒಬ್ಬನಲ್ಲ, ನಕ್ಕ ನಾಲ್ವರು. ಕೂಗಿದವನಿಗೆ ಅವರ ನಗುವೇ ಸಂಬಳ. ಅದು ಸಿಗದೆ ಹೋದರೆ ಅವನು ಮರುದಿನ ಕೂಗಲಾರನು. ಕೆನಡಾ ದೇಶದ ಮೂವರು ವಿದ್ವಾಂಸರು ಶಾಲೆಯ ಆಟದ ಬಯಲುಗಳಲ್ಲಿ ಮಕ್ಕಳ ನಡವಳಿಕೆಯನ್ನು ಕ್ಯಾಮರಾದಲ್ಲಿ ಹಿಡಿದು ಪರಿಶೀಲಿಸಿ 2001ರಲ್ಲಿ ಪ್ರಕಟಿಸಿದರು. ಪೀಡನೆಯ ಪ್ರಸಂಗಗಳಲ್ಲಿ ನೂರಕ್ಕೆ 88ರಲ್ಲಿ ಬೇರೆ ಮಕ್ಕಳು ನೋಡುತ್ತ ನಿಂತಿದ್ದರು. ನಡುವೆ ಬಂದು ಬಿಡಿಸಿದುದು ನೂರಕ್ಕೆ 19ರಲ್ಲಿ ಮಾತ್ರ. ಆದರೆ ಹಾಗೆ ಯಾರಾದರೂ ನಡುವೆ ಬಂದಾಗ ಅರ್ಧಕ್ಕಿಂತಲೂ ಹೆಚ್ಚಿನ ಸಲ ಪೀಡನೆಯು ಹತ್ತೇ ಸೆಕೆಂಡುಗಳ ಒಳಗೆ ನಿಂತುಹೋಯಿತು. ಹತ್ತು ಸೆಕೆಂಡುಗಳು! ನಾವು ಚಹಾದ ಬಟ್ಟಲನ್ನು ಕೆಳಗಿಡುವಷ್ಟು ಹೊತ್ತು. ಅಷ್ಟು ಸುಲಭವಾಗಿ ನಿಲ್ಲತಕ್ಕದ್ದನ್ನು ನಿಲ್ಲಿಸಲು ಮಕ್ಕಳು ಮುಂದಾಗದಿರುವುದೇಕೆ?

ನಾವು ಇದನ್ನು ಬೇರೆಯವರ ಮಕ್ಕಳನ್ನು ನೋಡಿ ಹೇಳುತ್ತಿಲ್ಲ. ನಮ್ಮ ಬಾಲ್ಯದಲ್ಲಿ ನಮ್ಮ ತರಗತಿಯಲ್ಲಿ ಒಬ್ಬ ಉಗ್ಗುವ ಹುಡುಗನಿದ್ದನು. ಅವನಿಗೊಂದು ಅಡ್ಡಹೆಸರಿತ್ತು. ಅದನ್ನು ಇಟ್ಟವರು ನಾವಲ್ಲ; ಕೂಗಿದವರೂ ನಾವಲ್ಲ; ನಕ್ಕವರು ಮಾತ್ರ. ಪಾಠ ಓದುವ ಸರದಿ ಅವನಿಗೆ ಬಂದಾಗ ಇಡೀ ತರಗತಿಯು ಉಸಿರು ಹಿಡಿದು ಕಾಯುತ್ತಿತ್ತು. ಅವನು ತಡವರಿಸಿದ ಕೂಡಲೇ ಒಬ್ಬನು ಆ ಹೆಸರನ್ನು ಮೆಲ್ಲಗೆ ಅನ್ನುತ್ತಿದ್ದನು. ಉಪಾಧ್ಯಾಯರು ಮೇಜು ಕುಟ್ಟುತ್ತಿದ್ದರು, ಆದರೆ ಅವರ ತುಟಿಯಲ್ಲಿಯೂ ನಗುವಿರುತ್ತಿತ್ತು. ನಗದಿದ್ದರೆ ಆ ಹೆಸರು ನಮಗೇ ಬಂದೀತೆಂಬ ಹೆದರಿಕೆಯು ನಮಗಿತ್ತೆಂಬುದು ಈಗ ತಿಳಿಯುತ್ತದೆ. ಒಂಬತ್ತನೆಯ ತರಗತಿಯ ನಡುವಿನಲ್ಲಿ ಅವನು ಶಾಲೆ ಬಿಟ್ಟನು. ಏಕೆಂದು ಯಾರೂ ಕೇಳಲಿಲ್ಲ. ಈ ಅಂಕಣವನ್ನು ಬರೆಯಲು ಕುಳಿತಾಗ ಅವನ ನಿಜವಾದ ಹೆಸರನ್ನು ನೆನಪಿಗೆ ತಂದುಕೊಳ್ಳಬೇಕೆಂದು ನಾವು ಬಹಳ ಪ್ರಯತ್ನಪಟ್ಟೆವು. ಆಗಲಿಲ್ಲ. ಅಡ್ಡಹೆಸರು ಮಾತ್ರ ಅಚ್ಚೊತ್ತಿದಂತೆ ನಿಂತಿದೆ.

ಮಕ್ಕಳು ನಗುವುದನ್ನು ಎಲ್ಲಿ ಕಲಿಯುತ್ತಾರೆ? ನಮ್ಮ ಊಟದ ಕೋಣೆಗಳಲ್ಲಿಯೇ ಎಂದು ಹೇಳದೆ ಉಪಾಯವಿಲ್ಲ. ಫಳ್ನೀರಿನಂಥ ಕೇರಿಯಲ್ಲಿ ತುಳು, ಕೊಂಕಣಿ, ಬ್ಯಾರಿ, ಕನ್ನಡ, ಮಲೆಯಾಳ ಎಂದು ಐದು ಭಾಷೆಗಳು ಒಂದೇ ಬೀದಿಯಲ್ಲಿ ಕೇಳುವುವು. ಇದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆದರೆ ಮನೆಯ ಬಾಗಿಲು ಮುಚ್ಚಿದ ಮೇಲೆ ಇಂಥವರು ಹೀಗೆ, ಅಂಥವರು ಹಾಗೆ ಎಂದು ಒಬ್ಬರ ಉಚ್ಚಾರವನ್ನು ಒಬ್ಬರು ಅಣಕಿಸದ ಮನೆ ಎಷ್ಟಿದ್ದಾವು? ರಸ್ತೆ ಅಗೆಯಲು, ಕಟ್ಟಡ ಕಟ್ಟಲು ಬಾಗಲಕೋಟೆ, ವಿಜಯಪುರ, ಕೊಪ್ಪಳಗಳಿಂದ ಬಂದ ಶ್ರಮಜೀವಿಗಳನ್ನು ‘ಘಟ್ಟದವರು’ ಎಂದು ನಾವು ಅನ್ನುವಾಗ ಆ ಮಾತಿನಲ್ಲಿ ಬರಿಯ ಭೂಗೋಳವಿರುವುದಿಲ್ಲ. ಬಟ್ಟಲ ಮುಂದೆ ಕುಳಿತ ಮಗು ಆ ಧ್ವನಿಯನ್ನು ಕೇಳಿರುತ್ತದೆ. ಗದಗದ ಹುಡುಗನು ತರಗತಿಗೆ ಬಂದು “ಹೌದ್ರಿ” ಎಂದಾಗ ಅದು ಮನೆಯಲ್ಲಿ ಕಲಿತ ಪಾಠವನ್ನೇ ಒಪ್ಪಿಸುತ್ತದೆ. ವಿನೋದವೇನೆಂದರೆ, ಇದೇ ನಮ್ಮ ಮಕ್ಕಳು ಬೆಂಗಳೂರಿಗೆ ಓದಲು ಹೋದರೆ ಅಲ್ಲಿಯವರು ಇವರ ‘ಎಂತ ಮಾರಾಯ’ವನ್ನೂ ಪುಸ್ತಕದ ಕನ್ನಡವನ್ನೂ ಕೇಳಿ ನಗುತ್ತಾರೆ. ಆಗ ನಮಗೆ ಬಹಳ ಅವಮಾನವಾಗುತ್ತದೆ.

ಇದೇ ಊರಿನಲ್ಲಿ ಶಾಲೆಗೆ ಹೋಗುವ ಮಕ್ಕಳನ್ನು ಪೀಡಿಸುವ ಕೆಲಸವನ್ನು ದೊಡ್ಡವರೇ, ಯಾವ ಮರೆಯೂ ಇಲ್ಲದೆ ಮಾಡಿದ ಕಾಲವೊಂದಿತ್ತು. ಕಾಸರಗೋಡಿನಲ್ಲಿ 1859ರಲ್ಲಿ ಹುಟ್ಟಿ ಮಂಗಳೂರಿನಲ್ಲಿ ವಕೀಲಿ ನಡೆಸುತ್ತಿದ್ದ ಕುದ್ಮುಲ್ ರಂಗರಾಯರು, ಆಗ ಪಂಚಮರೆಂದು ಕರೆಯಲ್ಪಡುತ್ತಿದ್ದ ದಲಿತರ ಮಕ್ಕಳಿಗಾಗಿ 1892ರಲ್ಲಿ ಉರ್ವ ಚಿಲಿಂಬಿಯಲ್ಲಿ ಒಂದು ಶಾಲೆಯನ್ನು ತೆರೆದರು. ಆ ಮಕ್ಕಳು ಕೈಯಲ್ಲಿ ಪುಸ್ತಕ ಹಿಡಿದುದನ್ನು ಮೇಲಿನವರೆನಿಸಿಕೊಂಡವರು ಸಹಿಸದಾದರು. ಕಲಿಯುವವರಿಗೂ ಕಲಿಸುವವರಿಗೂ ಕಿರುಕುಳ ತೊಡಗಿತು. ಆ ಮೊದಲ ಶಾಲೆಯು ನಿಲ್ಲಲಾರದೆ ಹೋಯಿತು. ಕಲಿಸಲು ಹಿಂದೂಗಳಾರೂ ಒಪ್ಪದಿದ್ದಾಗ ಕ್ರೈಸ್ತ ಉಪಾಧ್ಯಾಯರನ್ನು ಕರೆತಂದು ರಾಯರು ಮತ್ತೆ ಆರಂಭಿಸಿದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಶನ್ ಎಂಬ ಸಂಸ್ಥೆಯನ್ನು ಕಟ್ಟಿದರು. ಫಳ್ನೀರಿನ ನೆರೆಯಲ್ಲೇ ಇರುವ ಕಂಕನಾಡಿ, ಅತ್ತಾವರಗಳಲ್ಲಿಯೂ ಶಾಲೆಗಳಾದುವು. ಮಕ್ಕಳಿಗೆ ಮಧ್ಯಾಹ್ನದ ಊಟವನ್ನು ಅಲ್ಲಿಯೇ ಕೊಡಿಸಿದರು.

ರಂಗರಾಯರನ್ನು ಇಲ್ಲಿ ನೆನೆದುದು ಅವರ ಗುಣಗಾನಕ್ಕಲ್ಲ. ಅವರ ಹೆಸರಿನ ಪುರಭವನವು ಊರ ನಡುವೆಯೇ ಇದೆ. ಪೀಡಿತನ ಪಕ್ಕದಲ್ಲಿ ನಿಂತವನ ಮೇಲೆ ಪೀಡನೆಯು ಹೇಗೆ ತಿರುಗುತ್ತದೆಂಬುದನ್ನು ತೋರಿಸುವುದಕ್ಕಾಗಿ. ರಾಯರು ಹುಟ್ಟಿನಿಂದ ಸಾರಸ್ವತ ಬ್ರಾಹ್ಮಣರು. ಸ್ವಜನರು ಅವರಿಗೆ ಬಹಿಷ್ಕಾರ ಹಾಕಿದರು. ಕ್ಷೌರಿಕನೂ ಅಗಸನೂ ಮನೆಗೆ ಬಾರದಂತಾಯಿತು. 1928ರಲ್ಲಿ ತೀರಿಕೊಳ್ಳುವ ವರೆಗೂ ಅವರು ಅದನ್ನು ಹೊತ್ತುಕೊಂಡೇ ನಡೆದರು. ವಯಸ್ಸು, ವಿದ್ಯೆ, ವೃತ್ತಿ ಎಲ್ಲವೂ ಇದ್ದ ಹಿರಿಯರೊಬ್ಬರು ತೆತ್ತ ಬೆಲೆ ಇದು. ಹಾಗಿರುವಾಗ ಹನ್ನೆರಡು ವರ್ಷದ ಮಗುವೊಂದು ರಿಕ್ಷಾದಲ್ಲಿ ಬಾಯಿ ತೆರೆಯಲಿಲ್ಲವೆಂದು ಅದನ್ನು ಹೇಡಿಯೆನ್ನಲು ನಮಗೆ ಮನಸ್ಸು ಬಾರದು.

ಕಾನೂನಿನ ಮಾತನ್ನೂ ಎರಡು ವಾಕ್ಯಗಳಲ್ಲಿ ಹೇಳಿಬಿಡುವೆವು. ಕರ್ನಾಟಕ ಶಿಕ್ಷಣ ಕಾಯಿದೆ, 1983 ಎಂಬುದರಲ್ಲಿ ‘ರ್‍ಯಾಗಿಂಗ್’ ಎಂಬುದಕ್ಕೆ ಕೊಟ್ಟ ಅರ್ಥದಲ್ಲಿ, ತಮಾಷೆಯ ರೂಪದಲ್ಲಾಗಲಿ ಬೇರೆ ರೂಪದಲ್ಲಾಗಲಿ ವಿದ್ಯಾರ್ಥಿಯನ್ನು ಬೆದರಿಸಿ ಅವನ ಮಾನಕ್ಕೆ ಕುಂದು ತರುವ, ಅವನನ್ನು ನಗೆಪಾಟಲಿಗೀಡುಮಾಡುವ ಕೆಲಸವನ್ನು ಮಾಡಿಸುವುದು ಸೇರಿದೆ. ಶಿಕ್ಷೆಯು ಒಂದು ವರ್ಷದ ವರೆಗಿನ ಸೆರೆವಾಸ, ಅಥವಾ 2,000 ರೂಪಾಯಿಗಳ ವರೆಗಿನ ದಂಡ, ಅಥವಾ ಎರಡೂ. ಕೇಂದ್ರೀಯ ಪ್ರೌಢಶಿಕ್ಷಣ ಮಂಡಳಿಯು ತನ್ನ ಶಾಲೆಗಳಲ್ಲಿ ಪೀಡನೆಯನ್ನು ತಡೆಯಲು ಸಮಿತಿಗಳಿರಬೇಕೆಂದು 2015ರಲ್ಲಿ ಸೂಚಿಸಿತು. ‘ತಮಾಷೆಗೆ ಮಾಡಿದೆ’ ಎಂಬ ನೆವಕ್ಕೆ ಕಾನೂನಿನಲ್ಲಿಯೇ ಎಡೆಯಿಲ್ಲವೆಂಬುದು ನಮಗೆ ಸಂತೋಷದ ವಿಷಯ. ಆದರೂ ಹನ್ನೆರಡರ ಮಗುವಿಗಾಗಿ ಮೊದಲು ಪೊಲೀಸ್ ಠಾಣೆಯ ಮೆಟ್ಟಲು ಹತ್ತಬೇಕೆಂದು ನಾವು ಯಾರಿಗೂ ಹೇಳಲಾರೆವು. ಮೆಟ್ಟಲು ಹತ್ತಬೇಕಾದುದು ಶಾಲೆಯದು.

ನೆರೆಮನೆಯವರಿಗೆ ನಾವು ಹೇಳಿದುದಿಷ್ಟೇ. ಮೊದಲು ಹುಡುಗನ ಮಾತನ್ನು ಕೇಳಬೇಕು. ನಡುವೆ ‘ನೀನೇನು ಮಾಡಿದೆ?’ ಎಂದು ಕೇಳಬಾರದು. ಹೆಚ್ಚಿನ ಮಕ್ಕಳು ಬಾಯಿ ಮುಚ್ಚುವುದು ಆ ಒಂದು ಪ್ರಶ್ನೆಯಿಂದಲೇ. ಹೇಳಿದುದನ್ನು ತಾರೀಕು ಸಹಿತ ಒಂದು ಪುಸ್ತಕದಲ್ಲಿ ಬರೆದಿಡಬೇಕು. ಮೊಬೈಲ್ ಫೋನಿನ ವಾಟ್ಸಪ್ ಗುಂಪಿನಲ್ಲಿ ಬಂದುದಾದರೆ ಅಳಿಸದೆ ಇರಿಸಬೇಕು; ಈಗಿನ ಪೀಡನೆಯು ಶಾಲೆಯ ಗಂಟೆಯೊಂದಿಗೆ ಮುಗಿಯದೆ ಹಾಸಿಗೆಯ ವರೆಗೂ ಹಿಂಬಾಲಿಸುತ್ತದೆ. ಕೂಗಿದವನ ಮನೆಗೆ ಹೋಗಿ ಅವನ ತಂದೆತಾಯಿಯರೊಡನೆ ಜಗಳವಾಡುವುದು ಬೇಡ. ಅದರ ಬಡ್ಡಿಯನ್ನು ಮರುದಿನ ಹುಡುಗನೇ ತೀರಿಸಬೇಕಾಗುತ್ತದೆ. ತರಗತಿಯ ಟೀಚರನ್ನು ಕಂಡು, ಬರೆದಿಟ್ಟುದನ್ನು ತೋರಿಸಿ, ಏನು ಮಾಡುವಿರಿ, ಎಂದು ಬಂದು ಕೇಳಲಿ ಎಂದು ವಿಚಾರಿಸಬೇಕು. ಇಬ್ಬರನ್ನೂ ಎದುರೆದುರು ನಿಲ್ಲಿಸಿ ಕೈಕುಲುಕಿಸಿ ‘ಮುಗಿಯಿತು’ ಎನ್ನುವ ಪದ್ಧತಿಯೊಂದು ಶಾಲೆಗಳಲ್ಲಿದೆ. ಸಮಬಲರ ಜಗಳಕ್ಕೆ ಅದು ಒಳ್ಳೆಯ ಮದ್ದು. ಪೀಡನೆಯಲ್ಲಿ ಅದು ನೊಂದವನನ್ನೂ ನೋಯಿಸಿದವನನ್ನೂ ಒಂದೇ ತಪ್ಪಿಗೆ ಪಾಲುದಾರರನ್ನಾಗಿ ಮಾಡುತ್ತದೆ. ಮಗು ಊಟ ನಿದ್ರೆಗಳನ್ನು ಬಿಟ್ಟರೆ, ಬದುಕುವುದೇ ಬೇಡವೆಂಬ ಮಾತನ್ನು ಹೇಗೇ ಆಡಿದರೂ, ಅದನ್ನು ಹಟವೆಂದು ತಳ್ಳಿಹಾಕದೆ ಅಂದೇ ವೈದ್ಯರಲ್ಲಿಗೆ ಒಯ್ಯತಕ್ಕದ್ದು. ಮಕ್ಕಳ ಸಹಾಯಕ್ಕಾಗಿ 1098, ಮನಸ್ಸಿನ ಆರೋಗ್ಯದ ವಿಷಯದಲ್ಲಿ ಟೆಲಿಮಾನಸಿನ 14416, ಈ ಎರಡು ಸಂಖ್ಯೆಗಳನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡುವುದರಿಂದ ಯಾರಿಗೂ ನಷ್ಟವಿಲ್ಲ.

ಉಳಿದ ಮನೆಗಳವರಿಗೂ ಒಂದು ವಿಜ್ಞಾಪನೆಯುಂಟು. ‘ನಿನ್ನನ್ನು ಯಾರಾದರೂ ಪೀಡಿಸುತ್ತಾರೆಯೇ?’ ಎಂದು ನಾವು ಮಕ್ಕಳನ್ನು ಕೇಳುತ್ತೇವೆ. ‘ಇಂದು ನಿಮ್ಮ ತರಗತಿಯಲ್ಲಿ ಯಾರನ್ನು ನೋಡಿ ನಕ್ಕಿರಿ?’ ಎಂದು ಒಮ್ಮೆ ಕೇಳಿ ನೋಡಬೇಕು. ಬೈಯದೆ ಕೇಳಿದರೆ ಮಗು ಹೇಳುತ್ತದೆ. ಎದುರು ನಿಂತು ಹೋರಾಡೆಂದು ಅದಕ್ಕೆ ಹೇಳಬೇಕಾಗಿಲ್ಲ. ನಗದಿರುವುದು, ಪಕ್ಕದಲ್ಲಿ ಹೋಗಿ ಕುಳಿತುಕೊಳ್ಳುವುದು, ಅವನನ್ನು ಅವನ ಹೆಸರಿನಿಂದಲೇ ಕರೆಯುವುದು, ಟೀಚರಿಗೆ ತಿಳಿಸುವುದು, ಇಷ್ಟು ಹೆಚ್ಚಿನ ಮಕ್ಕಳಿಂದ ಆಗತಕ್ಕದ್ದು. ತಿಳಿಸುವುದು ಚಾಡಿಯಲ್ಲವೆಂದು ಮಾತ್ರ ನಾವು ಮೊದಲೇ ಹೇಳಿರಬೇಕು. ಒಬ್ಬನನ್ನು ಸಿಕ್ಕಿಸಲು ಹೇಳುವುದು ಚಾಡಿ. ಒಬ್ಬನನ್ನು ಬಿಡಿಸಲು ಹೇಳುವುದು ಬೇರೆ.

ನೆರೆಮನೆಯ ತಾಯಿ ಶಾಲೆಗೆ ಎರಡು ಸಲ ಹೋಗಿಬಂದರು. ಮೊದಲ ಸಲ “ನೋಡುವ” ಎಂಬ ಉತ್ತರ ಸಿಕ್ಕಿತು. ಎರಡನೆಯ ಸಲ ಪತಿಯೂ ರಜೆ ಹಾಕಿ ಜೊತೆಯಲ್ಲಿ ಹೋದರು. ಏಟಿನ ಮಾತನ್ನು ಅವರು ಅಷ್ಟರಲ್ಲಿ ಬಿಟ್ಟಿದ್ದರು. ಟೀಚರು ತರಗತಿಯಲ್ಲಿ ಕುಳಿತುಕೊಳ್ಳುವ ಸ್ಥಾನಗಳನ್ನು ಬದಲಾಯಿಸಿದರು. ರಿಕ್ಷಾದವನನ್ನು ಕರೆದು ಮಾತನಾಡಿಸಿದವರು ನಾವು. ಅವನು ನಾಚಿಕೊಂಡು, “ನಾನು ಸುಮ್ಮನೆ ನಕ್ಕದ್ದು,” ಎಂದನು. ಸೋಮವಾರಗಳಂದು ಹುಡುಗನ ಹೊಟ್ಟೆ ಈಗಲೂ ಒಮ್ಮೊಮ್ಮೆ ನೋಯುವುದುಂಟು. ಆದರೆ ಡಬ್ಬಿಯು ಖಾಲಿಯಾಗಿ ಬರುತ್ತಿದೆಯೆಂದು ತಾಯಿ ಹೇಳಿದರು. ರಿಕ್ಷಾದ ಮೂಲೆಯಲ್ಲಿ ನಗದೆ ಕುಳಿತಿದ್ದ ಆ ಹುಡುಗಿ ಒಂದು ದಿನ ರೊಟ್ಟಿ ಮುರಿದು ತಿಂದು, ಶೇಂಗಾ ಚಟ್ನಿಯನ್ನು ಮತ್ತೆ ಕೇಳಿದಳಂತೆ.

ಕಳೆದ ವಾರ ಆ ಹುಡುಗಿಯ ತಾಯಿಯೂ ನಮ್ಮ ಜಗಲಿಗೆ ಬಂದರು. “ನನ್ನ ಮಗಳಿಗೂ ಈಗ ‘ರಟ್ಟು’ ಅಂತ ಹೆಸರಿಟ್ಟಿದ್ದಾರೆ ಮಾರಾಯ್ರೆ. ನಮಗೆ ಯಾಕೆ ಇದೆಲ್ಲ? ಅವಳು ಬೇರೆ ಕಡೆ ಕೂತುಕೊಳ್ಳಲಿ ಅಂತ ಹೇಳುವುದಾ ಎಂತದು?” ಎಂದು ಕೇಳಿದರು. ಬೇಡವೆಂದು ಹೇಳುವುದು ನಮಗೆ ಸುಲಭವಾಗಿರಲಿಲ್ಲ. ಹೆಸರನ್ನು ಹೊರಬೇಕಾದವಳು ಅವರ ಮಗಳು, ನಾವಲ್ಲ. ಉಗ್ಗುವ ಹುಡುಗನ ಕತೆಯನ್ನು ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದು, ತಾವೂ ಒಮ್ಮೆ ಶಾಲೆಗೆ ಹೋಗಿ ಟೀಚರನ್ನು ನೋಡುವೆನೆಂದು ಹೇಳಿ ಎದ್ದರು.

ಮರುದಿನ ಬೆಳಿಗ್ಗೆ ಜೋರು ಮಳೆ. ರಿಕ್ಷಾ ಬಂದಾಗ ಹುಡುಗಿಯು ಮೂಲೆಯಿಂದ ಸ್ವಲ್ಪ ಸರಿದು ಜಾಗ ಮಾಡಿದುದನ್ನೂ, ಹುಡುಗನು ಕೊಡೆ ಮಡಚಿ ಅಲ್ಲಿ ಕುಳಿತುದನ್ನೂ ನಾವು ಕಂಡೆವು. ಬಳಿಕ ರಿಕ್ಷಾದವನು ಬದಿಯ ಪರದೆಯನ್ನು ಇಳಿಬಿಟ್ಟನು. ಒಳಗಿನ ಮಾತು ನಮಗೆ ಕೇಳಿಸಲಿಲ್ಲ.